ಮಾನ್ಸೂನ್ಡ್ ಮಲಬಾರ್ ಕಾಫಿ

ಮಾನ್ಸೂನ್ಡ್ ಮಲಬಾರ್ ಎಂಬುದು ಭಾರತದ ಪಶ್ಚಿಮ ಕರಾವಳಿಯಲ್ಲಿ, ನೈಋತ್ಯ ಮುಂಗಾರಿನ ತೇವಭರಿತ ಗಾಳಿಗೆ ಒಡ್ಡಿ ಸಂಸ್ಕರಿಸಿದ ಹಸಿ ಕಾಫಿ ಬೀಜದ ಹೆಸರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋದಾಮುಗಳಲ್ಲಿ ನಡೆಯುವ ಈ ಸಂಸ್ಕರಣೆಯಲ್ಲಿ ಬೀಜವು ತೇವವನ್ನು ಹೀರಿ ಉಬ್ಬುತ್ತದೆ, ಹಸಿರು ಛಾಯೆಯನ್ನು ಕಳೆದುಕೊಂಡು ಹೊಂಬಣ್ಣಕ್ಕೆ ತಿರುಗುತ್ತದೆ. ಇದರಿಂದ ತಯಾರಾದ ಪಾನೀಯದಲ್ಲಿ ಹುಳಿಯ ಅಂಶ ಅತಿ ಕಡಿಮೆ, ದಟ್ಟತೆ ಹೆಚ್ಚು. ಮಣ್ಣು, ಮರ ಹಾಗೂ ಸಂಬಾರ ಪದಾರ್ಥಗಳನ್ನು ನೆನಪಿಸುವ ಪರಿಮಳವೂ ಇರುತ್ತದೆ. ಮಂಗಳೂರು ಈ ಕಾಫಿಯ ಪ್ರಮುಖ ಸಂಸ್ಕರಣಾ ಕೇಂದ್ರಗಳಲ್ಲಿ ಒಂದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಈ ಕಾಫಿಗೆ ಯುರೋಪಿನ ಕಾಫಿ ರಸಿಕರಲ್ಲಿ ಹಿಂದಿನಿಂದಲೂ ಬೇಡಿಕೆಯಿದೆ.

ಸಾಮಾನ್ಯ ಕಾಫಿಯಲ್ಲಿ ದೋಷವೆಂದು ಎಣಿಸುವ ಹಲವು ಲಕ್ಷಣಗಳು, ಅಂದರೆ ಮಾಸಲು ಬಣ್ಣ, ಹೆಚ್ಚಿನ ತೇವಾಂಶ, ಹುಳಿಯಿಲ್ಲದ ರುಚಿ ಇವು, ಮಾನ್ಸೂನ್ಡ್ ಕಾಫಿಯಲ್ಲಿ ಗುಣಗಳೆನಿಸುತ್ತವೆ. ಆದ್ದರಿಂದ ಇದನ್ನು ರುಚಿ ನೋಡುವವರೂ ಕೊಳ್ಳುವವರೂ ಸಂಸ್ಕರಣೆಯಿಂದ ಬಂದ ಗುಣ ಯಾವುದು, ಕೆಟ್ಟುಹೋದುದರ ಗುರುತು ಯಾವುದು ಎಂಬುದನ್ನು ಬೇರ್ಪಡಿಸಿ ತಿಳಿಯಬೇಕಾಗುತ್ತದೆ.

## ಹೆಸರು

ಇಂಗ್ಲಿಷಿನ 'ಮಾನ್ಸೂನ್' ಎಂಬ ಪದ ಕಾಲ ಅಥವಾ ಋತು ಎಂಬ ಅರ್ಥದ ಅರಬ್ಬಿ ಪದ 'ಮೌಸಿಮ್'ನಿಂದ ಬಂದಿದೆ. 'ಮಲಬಾರ್' ಎಂಬುದು ಪಶ್ಚಿಮ ಕರಾವಳಿಗೆ ವಿದೇಶಿ ವರ್ತಕರು ಬಳಸುತ್ತಿದ್ದ ಹೆಸರು. ಕಾಫಿ ಬೆಳೆಯುವ ತೋಟಗಳು ಬಹುಪಾಲು ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಮಲೆನಾಡಿನಲ್ಲಿದ್ದರೂ ಕಾಫಿಗೆ ಕರಾವಳಿಯ ಹೆಸರು ಬಂದಿರುವುದು ಅದು ಸಂಸ್ಕರಣೆಗೊಳ್ಳುವ ಸ್ಥಳದಿಂದ. ಹೀಗಾಗಿ ಈ ಹೆಸರು ಒಂದು ತಳಿಯನ್ನಾಗಲಿ ಒಂದು ತೋಟವನ್ನಾಗಲಿ ಸೂಚಿಸುವುದಿಲ್ಲ. ಒಂದು ವಿಧಾನವನ್ನೂ ಅದು ನಡೆಯುವ ಪ್ರದೇಶವನ್ನೂ ಸೂಚಿಸುತ್ತದೆ.

## ಇತಿಹಾಸ

ಪರಂಪರೆಯ ಪ್ರಕಾರ, 17ನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತ ಶ್ರೇಣಿಯಲ್ಲಿ ಬಿತ್ತಿದರು. 19ನೆಯ ಶತಮಾನದಲ್ಲಿ ಬ್ರಿಟಿಷ್ ತೋಟಗಾರರು ಮಲೆನಾಡಿನಲ್ಲಿ ವಾಣಿಜ್ಯ ಬೆಳೆಯಾಗಿ ಕಾಫಿಯನ್ನು ವಿಸ್ತರಿಸಿದರು. ಒಣಗಿದ ಕಾಫಿಯು ಘಟ್ಟವನ್ನಿಳಿದು ಮಂಗಳೂರು, ತಲಶ್ಶೇರಿ, ಕೋಳಿಕ್ಕೋಡ್ ಮೊದಲಾದ ಬಂದರು ಪಟ್ಟಣಗಳಿಗೆ ಬಂದು, ಅಲ್ಲಿನ ಸಂಸ್ಕರಣಾ ಕಾರ್ಖಾನೆಗಳಲ್ಲಿ ಸಿಪ್ಪೆ ತೆಗೆಸಿಕೊಂಡು ಹಡಗೇರುತ್ತಿತ್ತು. ಈ ಕಾರ್ಖಾನೆಗಳನ್ನು ಇಂದಿಗೂ 'ಕ್ಯೂರಿಂಗ್ ವರ್ಕ್ಸ್' ಎಂದೇ ಕರೆಯಲಾಗುತ್ತದೆ. 1867ರಲ್ಲಿ ಆರಂಭವಾದ ಆಸ್ಪಿನ್‌ವಾಲ್ ಸಂಸ್ಥೆ ಮಂಗಳೂರಿನಲ್ಲಿ ಇಂಥ ಕಾರ್ಖಾನೆಯನ್ನು ಹೊಂದಿದ್ದು, ಮಾನ್ಸೂನ್ಡ್ ಕಾಫಿಯ ಹೆಸರಾಂತ ತಯಾರಕರಲ್ಲಿ ಒಂದಾಗಿದೆ.

ಹಾಯಿ ಹಡಗುಗಳ ಕಾಲದಲ್ಲಿ ಭಾರತದ ಕಾಫಿ ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಯುರೋಪನ್ನು ತಲುಪಲು ಹಲವು ತಿಂಗಳುಗಳೇ ಬೇಕಾಗುತ್ತಿದ್ದವು. ಮರದ ಹಡಗಿನ ಒಡಲಿನಲ್ಲಿ ಸಮುದ್ರದ ತೇವಕ್ಕೆ ಒಡ್ಡಿಕೊಂಡ ಬೀಜಗಳು ದಾರಿಯಲ್ಲೇ ಉಬ್ಬಿ ಬಣ್ಣಗೆಡುತ್ತಿದ್ದವು. ಯುರೋಪಿನ, ವಿಶೇಷವಾಗಿ ಉತ್ತರ ಯುರೋಪಿನ, ಬಳಕೆದಾರರು ಭಾರತೀಯ ಕಾಫಿಯೆಂದು ಅರಿತದ್ದು ಈ ರುಚಿಯನ್ನೇ. 1869ರ ನವೆಂಬರ್‌ನಲ್ಲಿ ಸೂಯೆಜ್ ಕಾಲುವೆ ತೆರೆದುಕೊಂಡಿತು. ಉಗಿಹಡಗುಗಳು ಬಳಕೆಗೆ ಬಂದವು. ಪ್ರಯಾಣದ ಅವಧಿ ಬಹಳ ಇಳಿದು, ಬೀಜಗಳು ಹಸಿರು ಬಣ್ಣ ಮಾಸದೆ ತಲುಪತೊಡಗಿದವು. ಹಳೆಯ ರುಚಿಗೆ ಒಗ್ಗಿಹೋಗಿದ್ದ ಗಿರಾಕಿಗಳು ಹೊಸ ಸರಕನ್ನು ಮೆಚ್ಚಲಿಲ್ಲವೆಂದೂ, ಅವರಿಗಾಗಿ ಹಡಗಿನ ಪರಿಸ್ಥಿತಿಯನ್ನು ದಡದ ಮೇಲೆಯೇ ಮುಂಗಾರು ಗಾಳಿಯ ನೆರವಿನಿಂದ ಮರುಸೃಷ್ಟಿಸುವ ವಿಧಾನ ಬಳಕೆಗೆ ಬಂದಿತೆಂದೂ ಹೇಳಲಾಗುತ್ತದೆ.

ಭಾರತದಲ್ಲಿ 1942ರ ಕಾಫಿ ಕಾಯ್ದೆಯ ಅನ್ವಯ ರಚಿತವಾದ ಕಾಫಿ ಮಂಡಳಿಯು ದಶಕಗಳ ಕಾಲ ಬೆಳೆಗಾರರ ಕಾಫಿಯನ್ನೆಲ್ಲ ಒಂದೆಡೆ ಸಂಗ್ರಹಿಸಿ ಹರಾಜಿನ ಮೂಲಕ ಮಾರುತ್ತಿತ್ತು. 1990ರ ದಶಕದಲ್ಲಿ ಈ ನಿಯಂತ್ರಣವು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರರು ತಮ್ಮ ಸಂಪೂರ್ಣ ಫಸಲನ್ನು ಮುಕ್ತವಾಗಿ ಮಾರುವ ಅವಕಾಶ ಪಡೆದರು. ವಿದೇಶಿ ಹುರಿಗಾರರು ಸಂಸ್ಕರಣಾಗಾರರೊಡನೆ ನೇರವಾಗಿ ವ್ಯವಹರಿಸಿ, ಮಾದರಿಗಳನ್ನು ತರಿಸಿ, ರುಚಿ ನೋಡಿ ಕೊಳ್ಳುವ ಪದ್ಧತಿ ಆನಂತರ ಬೆಳೆಯಿತು.

## ತಯಾರಿಕೆ

### ಬೀಜದ ಆಯ್ಕೆ

ಕಾಫಿ ಹಣ್ಣನ್ನು ಎರಡು ಬಗೆಯಲ್ಲಿ ಸಂಸ್ಕರಿಸುವುದು ವಾಡಿಕೆ. ಹಣ್ಣಿನ ಸಿಪ್ಪೆ ಸುಲಿದು, ಲೋಳೆಯನ್ನು ತೊಳೆದು ಒಣಗಿಸಿದ್ದು 'ಪಾರ್ಚ್‌ಮೆಂಟ್'. ಇಡೀ ಹಣ್ಣನ್ನೇ ಕಣದಲ್ಲಿ ಬಿಸಿಲಿಗೆ ಒಣಗಿಸಿದ್ದು 'ಚೆರ್ರಿ'. ಮಾನ್ಸೂನ್ಡ್ ಕಾಫಿಗೆ ಬಳಸುವುದು ಚೆರ್ರಿ ಕಾಫಿಯನ್ನು. ನವೆಂಬರ್‌ನಿಂದ ಮಾರ್ಚ್‌ವರೆಗಿನ ಕೊಯ್ಲಿನಲ್ಲಿ ಬಂದ ಅರೇಬಿಕಾ ಅಥವಾ ರೊಬಸ್ಟಾ ಚೆರ್ರಿಯನ್ನು ಕ್ಯೂರಿಂಗ್ ಕಾರ್ಖಾನೆಗೆ ತಂದು, ಒಣ ಸಿಪ್ಪೆ ತೆಗೆದು, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿಯಲಾಗುತ್ತದೆ. ದೊಡ್ಡ ಗಾತ್ರದ, ಒಡಕಿಲ್ಲದ ಬೀಜಗಳನ್ನು ಬೇರ್ಪಡಿಸಿ ಮಳೆಗಾಲದವರೆಗೆ ಒಣ ಗೋದಾಮಿನಲ್ಲಿ ಇಡಲಾಗುತ್ತದೆ.

### ಮುಂಗಾರಿಗೆ ಒಡ್ಡುವುದು

ಜೂನ್ ತಿಂಗಳಲ್ಲಿ ಮುಂಗಾರು ಸ್ಥಿರಗೊಂಡ ಬಳಿಕ, ಗಾಳಿಯಾಡುವ ಗೋದಾಮಿನ ಕಲ್ಲು ಅಥವಾ ಗಾರೆ ನೆಲದ ಮೇಲೆ ಬೀಜವನ್ನು ಸುಮಾರು 10ರಿಂದ 15 ಸೆಂ.ಮೀ. ದಪ್ಪಕ್ಕೆ ಹರಡುತ್ತಾರೆ. ಮಳೆಯ ನೀರು ಬೀಜವನ್ನು ನೇರವಾಗಿ ತಾಗುವಂತಿಲ್ಲ. ತೆರೆದ ಬದಿಗಳಿಂದ ಬೀಸುವ ತೇವದ ಗಾಳಿ ಮಾತ್ರ ಒಳಬರಬೇಕು. ತೇವವು ಎಲ್ಲ ಬೀಜಗಳಿಗೂ ಸಮನಾಗಿ ತಲುಪಲೆಂದು ಕೆಲಸಗಾರರು ಮರದ ಹಲುಬೆಗಳಿಂದ ಆಗಾಗ ಕೆದಕಿ ತಿರುವುತ್ತಾರೆ.

ಕೆಲವು ದಿನಗಳಲ್ಲಿ ಸಾಕಷ್ಟು ತೇವವನ್ನು ಹೀರಿದ ಬೀಜವನ್ನು ಗೋಣಿಚೀಲಗಳಿಗೆ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿ ಹಾಯುವಂತೆ ಜೋಡಿಸಲಾಗುತ್ತದೆ. ಚೀಲಗಳನ್ನು ನಿಯತವಾಗಿ ಸುರಿದು, ಬೀಜವನ್ನು ಬೆರೆಸಿ ಮತ್ತೆ ತುಂಬುವುದು ಈ ಕೆಲಸದ ಮುಖ್ಯ ಭಾಗ. ಅದನ್ನು ತಡಮಾಡಿದರೆ ಚೀಲದ ಒಳಭಾಗ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಹೀಗೆ 12ರಿಂದ 16 ವಾರಗಳ ಕಾಲ ನಡೆದಾಗ ಬೀಜವು ಮೂಲ ಗಾತ್ರಕ್ಕಿಂತ ಬಹಳಷ್ಟು ಉಬ್ಬಿ, ತಿಳಿ ಹಳದಿ ಅಥವಾ ಹೊಂಬಣ್ಣಕ್ಕೆ ಬರುತ್ತದೆ.

### ಆರಿಸುವುದು

ಸೆಪ್ಟೆಂಬರ್ ಕೊನೆಯ ವೇಳೆಗೆ ಮಳೆ ತಗ್ಗುತ್ತದೆ. ಆಗ ಬೀಜವನ್ನು ಮತ್ತೆ ಜರಡಿ ಹಿಡಿದು, ಕಪ್ಪಾದ, ಒಡೆದ, ಹುಳು ಕೊರೆದ ಹಾಗೂ ಸರಿಯಾಗಿ ಉಬ್ಬದೆ ಹಸಿರಾಗಿಯೇ ಉಳಿದ ಬೀಜಗಳನ್ನು ಕೈಯಿಂದ ಆರಿಸಿ ತೆಗೆಯಲಾಗುತ್ತದೆ. ತೇವದ ಸರಕಿಗೆ ಹುಳುವಿನ ಬಾಧೆ ಬೇಗ ತಗಲುವುದರಿಂದ ಗೋದಾಮಿನಲ್ಲಿ ಹೊಗೆಯುಣಿಸುವ ಕ್ರಮವೂ ಇದೆ. ಸಿದ್ಧ ಸರಕು ಅಕ್ಟೋಬರ್ ನಂತರ ರಫ್ತಿಗೆ ಹೊರಡುತ್ತದೆ.

## ತೇವಾಂಶ ಮತ್ತು ಸುರಕ್ಷತೆ

ಮಾನ್ಸೂನ್ಡ್ ಕಾಫಿಯ ತೇವಾಂಶ ಸಾಮಾನ್ಯವಾಗಿ ಶೇ. 13ರಿಂದ 14.5ರಷ್ಟಿರುತ್ತದೆ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯು ರಫ್ತು ಕಾಫಿಗೆ ಸೂಚಿಸಿರುವ ಮಿತಿ ಶೇ. 12.5. ಆದರೆ ಸಂಪ್ರದಾಯದಿಂದಲೇ ಹೆಚ್ಚು ತೇವವುಳ್ಳ ವಿಶೇಷ ಕಾಫಿಗಳಿಗೆ ಅದೇ ಸಂಸ್ಥೆಯ ನಿರ್ಣಯದಲ್ಲಿ ವಿನಾಯಿತಿ ಇದ್ದು, ಅದಕ್ಕೆ ಉದಾಹರಣೆಯಾಗಿ ಭಾರತದ ಮಾನ್ಸೂನ್ಡ್ ಕಾಫಿಯನ್ನೇ ಹೆಸರಿಸಲಾಗಿದೆ.

ತೇವ ಹೆಚ್ಚಿದಷ್ಟೂ ಬೂಷ್ಟಿನ ಅಪಾಯ ಹೆಚ್ಚು. ಕೆಲವು ಬೂಷ್ಟುಗಳು ಉಂಟುಮಾಡುವ ಆಕ್ರಾಟಾಕ್ಸಿನ್ ಎ ಎಂಬ ವಿಷವಸ್ತು ಮೂತ್ರಪಿಂಡಕ್ಕೆ ಹಾನಿಕರ. ಐರೋಪ್ಯ ಒಕ್ಕೂಟವು ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಪ್ರತಿ ಕಿಲೋಗ್ರಾಂಗೆ 5 ಮೈಕ್ರೋಗ್ರಾಂನಿಂದ 3 ಮೈಕ್ರೋಗ್ರಾಂಗೆ ಇಳಿಸಿದ್ದು, ಹೊಸ ಮಿತಿ 2023ರ ಜನವರಿ 1ರಿಂದ ಅನ್ವಯವಾಗಿದೆ. ಆದ್ದರಿಂದ ಚೀಲಗಳನ್ನು ಕಾಲಕಾಲಕ್ಕೆ ಸುರಿದು ಗಾಳಿಯಾಡಿಸುವುದು ರುಚಿಯ ಪ್ರಶ್ನೆ ಮಾತ್ರವಲ್ಲದೆ ಆರೋಗ್ಯದ ಮತ್ತು ಮಾರುಕಟ್ಟೆಯ ಪ್ರಶ್ನೆಯೂ ಆಗಿದೆ.

## ವರ್ಗೀಕರಣ

ಗಾತ್ರ ಮತ್ತು ಆಯ್ಕೆಯ ಆಧಾರದ ಮೇಲೆ ಮಾರುಕಟ್ಟೆಯಲ್ಲಿ ಈ ಕೆಳಗಿನ ಹೆಸರುಗಳು ಬಳಕೆಯಲ್ಲಿವೆ.

* ಮಾನ್ಸೂನ್ಡ್ ಮಲಬಾರ್ ಎಎ – ದೊಡ್ಡ ಗಾತ್ರದ ಅರೇಬಿಕಾ ಬೀಜ. ವಿದೇಶಿ ಮಾರುಕಟ್ಟೆಯಲ್ಲಿ ಹೆಚ್ಚು ಪರಿಚಿತವಾದುದು ಇದೇ.
* ಮಾನ್ಸೂನ್ಡ್ ಬಸನಾಲಿ – ಅದಕ್ಕಿಂತ ಸಣ್ಣ ಗಾತ್ರದ ಅರೇಬಿಕಾ.
* ಮಾನ್ಸೂನ್ಡ್ ಅರೇಬಿಕಾ ಟ್ರಿಯೇಜ್ – ಒಡಕು ಹಾಗೂ ಆರಿಸಿ ಉಳಿದ ಬೀಜಗಳನ್ನೊಳಗೊಂಡ ಕೆಳದರ್ಜೆ.
* ಮಾನ್ಸೂನ್ಡ್ ರೊಬಸ್ಟಾ ಎಎ ಮತ್ತು ಮಾನ್ಸೂನ್ಡ್ ರೊಬಸ್ಟಾ ಟ್ರಿಯೇಜ್ – ರೊಬಸ್ಟಾದ ದರ್ಜೆಗಳು.

'ಎಎ' ಎಂಬ ಅಕ್ಷರಗಳು ಬೀಜದ ಗಾತ್ರವನ್ನು ಸೂಚಿಸುತ್ತವೆಯೇ ಹೊರತು ರುಚಿಗೆ ಕೊಟ್ಟ ಅಂಕವನ್ನಲ್ಲ. ಒಂದೇ ದರ್ಜೆಯ ಎರಡು ಸರಕುಗಳ ರುಚಿ ಬೇರೆಬೇರೆಯಾಗಿರಬಹುದು.

## ಭೌಗೋಳಿಕ ಸೂಚಕ

ಮಾನ್ಸೂನ್ಡ್ ಮಲಬಾರ್ ಅರೇಬಿಕಾ ಮತ್ತು ಮಾನ್ಸೂನ್ಡ್ ಮಲಬಾರ್ ರೊಬಸ್ಟಾ ಕಾಫಿಗಳು 2007–08ರ ಅವಧಿಯಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದವು. ಇದಕ್ಕೆ ಆಧಾರ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಸರಕುಗಳ ಭೌಗೋಳಿಕ ಸೂಚಕ ಕಾಯ್ದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಗೂ ಇದೇ ಕಾಯ್ದೆಯಡಿ ರಕ್ಷಣೆ ದೊರೆತಿದೆ. ಇಳಕಲ್ ಸೀರೆಯಲ್ಲಿ ರಕ್ಷಿತವಾಗಿರುವುದು ಆ ಊರಿನ ನೇಕಾರರ ಕೈಚಳಕವಾದರೆ, ಮಾನ್ಸೂನ್ಡ್ ಕಾಫಿಯಲ್ಲಿ ಕೆಲಸಗಾರರ ಅನುಭವದ ಜೊತೆಗೆ ಕರಾವಳಿಯ ಹವಾಮಾನವೂ ಸೇರಿದೆ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಸುರಿಯುವುದು ಮುಂಗಾರಿನ ನಾಲ್ಕು ತಿಂಗಳಲ್ಲಿ. ಘಟ್ಟದ ಮಳೆನೆರಳಿನಲ್ಲಿರುವ ಬಾದಾಮಿ, ಹುನಗುಂದ, ಇಳಕಲ್ ಭಾಗಗಳಲ್ಲಿ ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅದೇ ಬೀಜವನ್ನು ಅದೇ ತಿಂಗಳುಗಳಲ್ಲಿ ಅಲ್ಲಿ ಹರಡಿದರೆ ಈ ಬದಲಾವಣೆಗೆ ಬೇಕಾದಷ್ಟು ತೇವ ನಿರಂತರವಾಗಿ ಸಿಗದು.

2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೊಬಸ್ಟಾ ಹಾಗೂ ಅರಕು ಕಣಿವೆ ಅರೇಬಿಕಾ ಕಾಫಿಗಳಿಗೂ ಭೌಗೋಳಿಕ ಸೂಚಕ ದೊರೆಯಿತು. ಈ ಐದೂ ಬೆಳೆಯುವ ನೆಲದ ಹೆಸರುಗಳು. ಮಾನ್ಸೂನ್ಡ್ ಮಲಬಾರ್ ಸಂಸ್ಕರಿಸುವ ನೆಲದ ಹೆಸರು.

## ರುಚಿ ಪರೀಕ್ಷೆ

### ವಿಧಾನ

ಕಾಫಿಯ ವೃತ್ತಿಪರ ರುಚಿ ಪರೀಕ್ಷೆಯನ್ನು 'ಕಪ್ಪಿಂಗ್' ಎನ್ನುತ್ತಾರೆ. ಮಾದರಿ ಬೀಜವನ್ನು ತಿಳಿಯಾಗಿ ಹುರಿದು, ಕೆಲವು ಗಂಟೆಗಳ ಕಾಲ ತಣಿಯಲು ಬಿಟ್ಟು, ಪರೀಕ್ಷೆಗೆ ತುಸು ಮುನ್ನ ತರಿತರಿಯಾಗಿ ಪುಡಿ ಮಾಡಲಾಗುತ್ತದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಅಳತೆಯಂತೆ 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ ಬೇಕು. ನೀರಿನ ಉಷ್ಣತೆ ಸುಮಾರು 93 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೊದಲು ಒಣ ಪುಡಿಯ ವಾಸನೆಯನ್ನು ಗ್ರಹಿಸಿ ನೀರೆರೆಯುತ್ತಾರೆ. ಸುಮಾರು ನಾಲ್ಕು ನಿಮಿಷಗಳ ಬಳಿಕ ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ಏಳುವ ಪರಿಮಳವನ್ನು ಗಮನಿಸುತ್ತಾರೆ. ನೊರೆಯನ್ನು ತೆಗೆದು, ಕುಡಿಯುವ ಹದಕ್ಕೆ ಆರಿದ ಮೇಲೆ ಚಮಚದಿಂದ ಸುರ್ರನೆ ಹೀರಿ, ರಸವನ್ನು ನಾಲಿಗೆಯ ಮೇಲೆಲ್ಲ ಹರಡಿಕೊಳ್ಳುತ್ತಾರೆ. ಕಾಫಿ ತಣ್ಣಗಾಗುವವರೆಗೂ ಹಲವು ಬಾರಿ ಹೀಗೆ ನೋಡಲಾಗುತ್ತದೆ. ಬಿಸಿಯಲ್ಲಿ ಅಡಗಿದ್ದ ದೋಷಗಳು ತಣಿದಾಗ ಪ್ರಕಟವಾಗುತ್ತವೆ.

ಒಂದೇ ಸರಕಿನಿಂದ ಐದು ಬಟ್ಟಲುಗಳನ್ನು ಸಿದ್ಧಪಡಿಸುವ ರೂಢಿಯಿದೆ. ಮಾನ್ಸೂನ್ಡ್ ಕಾಫಿಗೆ ಇದು ಬಹಳ ಅಗತ್ಯ. ಒಂದು ಬಟ್ಟಲಲ್ಲಿ ಮಾತ್ರ ಮುಗ್ಗಲು ವಾಸನೆ ಬಂದರೆ ಚೀಲದ ಒಂದು ಭಾಗಕ್ಕೆ ಬೂಷ್ಟು ತಗಲಿರುವ ಸಂಭವವಿದೆ. ಐದರಲ್ಲೂ ಒಂದೇ ರೀತಿಯ ಮಣ್ಣಿನ ಪರಿಮಳವಿದ್ದರೆ ಅದು ಸಂಸ್ಕರಣೆಯ ಗುಣವಾಗಿರುತ್ತದೆ.

### ಗುಣ ಮತ್ತು ದೋಷ

| ಪರೀಕ್ಷಿಸುವ ಅಂಶ | ಸಂಸ್ಕರಣೆಯ ಸಹಜ ಗುಣ | ಹಾನಿಯ ಗುರುತು |
|---|---|---|
| ಬೀಜದ ಬಣ್ಣ | ಸಮನಾದ ತಿಳಿ ಹಳದಿ, ಹೊಂಬಣ್ಣ | ಕಪ್ಪು, ಬೂದು ಅಥವಾ ಹಸಿರು ಬೀಜಗಳ ಮಿಶ್ರಣ. ಬಿಳಿ ಪುಡಿಯಂಥ ಲೇಪ |
| ಗಾತ್ರ | ಉಬ್ಬಿದ, ಹಗುರವಾದ ಬೀಜ | ಮುರುಟಿದ, ಕೊರೆದ, ಒಡೆದ ಬೀಜ |
| ಹಸಿ ಬೀಜದ ವಾಸನೆ | ಒಣಹುಲ್ಲು, ಗೋಣಿ, ಮರ | ಮುಗ್ಗಲು, ಹೊಗೆ, ಕೊಳೆತ ವಾಸನೆ |
| ಹುಳಿ | ಅತಿ ಕಡಿಮೆ | ಹುದುಗಿದಂಥ ಕಟು ಹುಳಿ |
| ಬಾಯಲ್ಲಿ ಉಳಿಯುವ ರುಚಿ | ಸಂಬಾರ, ಚಾಕೊಲೇಟ್, ಮಣ್ಣು | ಔಷಧದಂಥ ಅಥವಾ ಕೊಳಕು ನೆಲಮಾಳಿಗೆಯಂಥ ರುಚಿ |

ವಿಶೇಷ ಕಾಫಿ ಸಂಘಟನೆಗಳು ಬಳಸುತ್ತ ಬಂದ 100 ಅಂಕಗಳ ಪಟ್ಟಿಯಲ್ಲಿ ಹುಳಿಯ ಚುರುಕುತನಕ್ಕೆ ಪ್ರತ್ಯೇಕ ಅಂಕವಿದೆ. 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದ ಕಾಫಿ ಮಾತ್ರ 'ವಿಶೇಷ' ಎನಿಸುತ್ತದೆ. ಹುಳಿಯನ್ನು ಉದ್ದೇಶಪೂರ್ವಕವಾಗಿ ಕಳೆದ ಕಾಫಿಯನ್ನು ಈ ಒಂದೇ ಪಟ್ಟಿಯಿಂದ ಅಳೆಯುವುದು ಕಷ್ಟ. ಇಥಿಯೋಪಿಯಾ ಅಥವಾ ಕೀನ್ಯಾದ ಹಣ್ಣಿನ ಸೊಗಡಿನ ಕಾಫಿಯನ್ನು ಮೆಚ್ಚುವವರಿಗೆ ಮಾನ್ಸೂನ್ಡ್ ಮಲಬಾರ್ ಸಪ್ಪೆಯೆನಿಸಬಹುದು. ಹುಳಿ ಒಗ್ಗದವರಿಗೆ ಇದೇ ಇಷ್ಟವಾಗಬಹುದು. ಒಬ್ಬನೇ ಪರೀಕ್ಷಕ ಇದನ್ನು ಬೇರೆ ಮಾನ್ಸೂನ್ಡ್ ಸರಕುಗಳೊಡನೆ ಹೋಲಿಸಿ ನೋಡಿದಾಗ ಮಾತ್ರ ಅದರ ಗುಣಮಟ್ಟ ಸರಿಯಾಗಿ ತಿಳಿಯುತ್ತದೆ.

### ತರಬೇತಿ

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕಾಫಿ ಮಂಡಳಿಯು ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಹಾಗೂ 'ಕಾಪಿ ಶಾಸ್ತ್ರ' ಎಂಬ ಅಲ್ಪಾವಧಿ ತರಬೇತಿಯನ್ನು ನಡೆಸುತ್ತದೆ. ಕೃಷಿ ಸಂಶೋಧನೆಯನ್ನು ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ ಇರುವ, 1925ರಲ್ಲಿ ಆರಂಭವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನಿರ್ವಹಿಸುತ್ತದೆ. ಮಂಡಳಿಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದ ಸುನಾಲಿನಿ ಮೆನನ್ ಅವರು ಏಷ್ಯಾದ ಮೊದಲ ವೃತ್ತಿಪರ ಮಹಿಳಾ ಕಾಫಿ ರುಚಿ ಪರೀಕ್ಷಕಿಯೆಂದು ಹೆಸರಾಗಿದ್ದು, ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಸಂಸ್ಥೆಯನ್ನು ಸ್ಥಾಪಿಸಿದರು.

## ಹುರಿಯುವುದು ಮತ್ತು ಬಳಕೆ

ಮಾನ್ಸೂನ್ಡ್ ಬೀಜವು ಉಬ್ಬಿ ಸಡಿಲಗೊಂಡಿರುವುದರಿಂದ ಶಾಖವು ಅದರೊಳಕ್ಕೆ ಸಾಗುವ ರೀತಿ ಗಟ್ಟಿ ಬೀಜದಂತಿರುವುದಿಲ್ಲ. ಆರಂಭದಲ್ಲೇ ಉರಿ ಜೋರಾದರೆ ಹೊರಮೈ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ. ಹುರಿಯುವಾಗ ಬೀಜ ಸಿಡಿಯುವ ಸದ್ದೂ ಸಾಮಾನ್ಯ ಕಾಫಿಗಿಂತ ಮೆತ್ತಗೆ ಕೇಳುತ್ತದೆ. ಆರಂಭದ ಬಣ್ಣವೇ ಹಳದಿಯಾದುದರಿಂದ ಬಣ್ಣವೊಂದನ್ನೇ ನೋಡಿ ಹದ ನಿರ್ಧರಿಸುವುದು ಸರಿಯಾಗದು. ಮಧ್ಯಮ ಅಥವಾ ಅದಕ್ಕಿಂತ ತುಸು ಹೆಚ್ಚಿನ ಹದಕ್ಕೆ ಹುರಿಯುವುದು ರೂಢಿ.

ಯುರೋಪಿನಲ್ಲಿ ಇದನ್ನು ಬಹುತೇಕ ಎಸ್ಪ್ರೆಸೊ ಮಿಶ್ರಣಗಳಲ್ಲಿ ಬಳಸುತ್ತಾರೆ. ಇದು ಮಿಶ್ರಣಕ್ಕೆ ದಟ್ಟತೆಯನ್ನೂ ಮೇಲಿನ 'ಕ್ರೆಮಾ' ನೊರೆಗೆ ಸಮೃದ್ಧಿಯನ್ನೂ ಕೊಡುತ್ತದೆ. ಇತರ ಬೀಜಗಳ ಹುಳಿಯನ್ನು ಸಮತೋಲನಗೊಳಿಸುತ್ತದೆ. ಹಸಿ ಬೀಜ ತರಿಸಿ ಮನೆಯಲ್ಲೇ ಹುರಿಯುವ ಹವ್ಯಾಸಿಗಳು ಇದನ್ನು ಬೇರೆ ಬೀಜ ಬೆರೆಸದೆಯೂ ಕುಡಿಯುತ್ತಾರೆ. ದಕ್ಷಿಣ ಭಾರತದ ಫಿಲ್ಟರ್ ಡಿಕಾಕ್ಷನ್‌ಗೂ ಇದು ಹೊಂದುತ್ತದೆ. ಆದರೆ ಚಿಕೋರಿ ಬೆರೆಸಿದರೆ ಚಿಕೋರಿಯ ದಟ್ಟತೆಯೂ ಕಹಿಯೂ ಮೇಲುಗೈ ಪಡೆದು ಈ ಕಾಫಿಯ ವಿಶಿಷ್ಟ ಪರಿಮಳ ಮುಚ್ಚಿಹೋಗುತ್ತದೆ.

## ಖರೀದಿ

ಮಾನ್ಸೂನ್ಡ್ ಮಲಬಾರ್ ಕೊಳ್ಳುವಾಗ ಗಮನಿಸಬೇಕಾದ ಅಂಶಗಳು ಇವು.

* ಸಂಸ್ಕರಣೆಯ ಸ್ಥಳ ಮತ್ತು ವರ್ಷ: ಬೆಳೆದ ಜಿಲ್ಲೆಯ ಹೆಸರಿಗಿಂತ ಸಂಸ್ಕರಿಸಿದ ಕಾರ್ಖಾನೆ ಮತ್ತು ಮುಂಗಾರಿನ ವರ್ಷ ಹೆಚ್ಚು ಮಾಹಿತಿ ನೀಡುತ್ತವೆ. ಹಲವು ತೋಟಗಳ ಬೀಜವನ್ನು ಕಾರ್ಖಾನೆಯಲ್ಲಿ ಬೆರೆಸುವುದು ಸಾಮಾನ್ಯವಾದ್ದರಿಂದ ಒಂದೇ ತೋಟದ ಹೆಸರು ಇಲ್ಲದಿರುವುದು ದೋಷವಲ್ಲ.
* ತಳಿ: ಪೊಟ್ಟಣದ ಮೇಲೆ ಬರೀ 'ಮಾನ್ಸೂನ್ಡ್' ಎಂದಿದ್ದರೆ ಅದು ಅರೇಬಿಕಾವೋ ರೊಬಸ್ಟಾವೋ ಎಂಬುದನ್ನು ಕೇಳಿ ತಿಳಿಯಬೇಕು. ಎರಡರ ಬೆಲೆ, ಕೆಫೀನ್ ಪ್ರಮಾಣ ಮತ್ತು ರುಚಿ ಬೇರೆಬೇರೆ.
* ಮಿಶ್ರಣದ ಪ್ರಮಾಣ: ಭಾರತದಲ್ಲಿ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ. 51 ಕಾಫಿ ಇರಬೇಕೆಂಬ ನಿಯಮವಿದ್ದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು.
* ಹುರಿದ ದಿನಾಂಕ: ಹುರಿದ ಕಾಫಿಯ ಪರಿಮಳ ದಿನಗಳೆದಂತೆ ಕುಗ್ಗುತ್ತದೆ. ಬಳಕೆಯ ಕೊನೆಯ ದಿನಾಂಕಕ್ಕಿಂತ ಹುರಿದ ದಿನಾಂಕ ಉಪಯುಕ್ತ.
* ಮಾದರಿ: ಒಂದೇ ಬಾರಿಗೆ ಹೆಚ್ಚು ಕೊಳ್ಳುವ ಬದಲು ಸಣ್ಣ ಪ್ರಮಾಣದಲ್ಲಿ ತರಿಸಿ, ಪರಿಚಿತ ಕಾಫಿಯೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದು ಸೂಕ್ತ.

ಹಸಿ ಬೀಜವನ್ನು ಕೊಳ್ಳುವವರು ಅದನ್ನು ತಂಪಾದ, ಒಣಗಿದ, ಗಾಳಿಯಾಡುವ ಜಾಗದಲ್ಲಿ ಇಡಬೇಕು. ಈಗಾಗಲೇ ಹೆಚ್ಚು ತೇವವಿರುವ ಬೀಜವನ್ನು ಗಾಳಿ ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಬೆಚ್ಚಗಿನ ಕಡೆ ಇಟ್ಟರೆ ಬೂಷ್ಟು ಹಿಡಿಯುವ ಸಾಧ್ಯತೆ ಹೆಚ್ಚು.

## ಆರ್ಥಿಕ ಪ್ರಾಮುಖ್ಯ

ಭಾರತದ ಕಾಫಿ ಉತ್ಪಾದನೆಯಲ್ಲಿ ಕರ್ನಾಟಕದ ಪಾಲು ಸುಮಾರು ಶೇ. 70; ದೇಶದ ಉತ್ಪಾದನೆಯ ಹೆಚ್ಚಿನ ಭಾಗ ರಫ್ತಾಗುತ್ತದೆ. ಸಾಮಾನ್ಯವಾಗಿ ಅರೇಬಿಕಾ ಚೆರ್ರಿಗೆ ಪಾರ್ಚ್‌ಮೆಂಟ್‌ಗಿಂತ ಕಡಿಮೆ ಬೆಲೆ ಇರುತ್ತದೆ. ಆ ಚೆರ್ರಿಯನ್ನೇ ಪ್ರತ್ಯೇಕ ಹೆಸರುಳ್ಳ ಸರಕಾಗಿಸಿ ಮೌಲ್ಯ ಹೆಚ್ಚಿಸುವುದು ಮಾನ್ಸೂನಿಂಗ್‌ನ ವಾಣಿಜ್ಯ ಮಹತ್ವ. ಈ ಮೌಲ್ಯವರ್ಧನೆ ನಡೆಯುವುದು ತೋಟದಲ್ಲಲ್ಲ, ಕರಾವಳಿಯ ಗೋದಾಮಿನಲ್ಲಿ. ಕೊಯ್ಲು ಮುಗಿದ ಕೂಡಲೇ ಒಣಚೆರ್ರಿಯನ್ನು ಮಾರುವ ಬೆಳೆಗಾರನಿಗೆ ಆ ದಿನದ ಚೆರ್ರಿ ಬೆಲೆಯಷ್ಟೇ ದಕ್ಕುತ್ತದೆ. ಇಡೀ ಪ್ರಕ್ರಿಯೆ ಒಂದು ಋತುವನ್ನು ಅವಲಂಬಿಸಿರುವ ಕಾರಣ, ಮುಂಗಾರು ತಡವಾದರೆ ಅಥವಾ ನಡುವೆ ದೀರ್ಘ ಬಿಡುವು ಕೊಟ್ಟರೆ ಬೀಜ ಸಮನಾಗಿ ಉಬ್ಬುವುದಿಲ್ಲ.

## ಇತರ ಪಾನೀಯಗಳೊಂದಿಗೆ ಹೋಲಿಕೆ

ಸಂಸ್ಕರಣೆಯೇ ರುಚಿಯನ್ನು ನಿರ್ಧರಿಸುವ ಪಾನೀಯಗಳು ಬೇರೆಡೆಯೂ ಇವೆ. ಚೀನಾದ ಫುಜಿಯಾನ್ ಪ್ರಾಂತ್ಯ ಮತ್ತು ತೈವಾನ್‌ನ ಊಲಾಂಗ್ ಚಹಾದಲ್ಲಿ ಎಲೆಯನ್ನು ಬಾಡಿಸಿ, ಅಂಚುಗಳನ್ನು ಜಜ್ಜಿ, ಭಾಗಶಃ ಮಾತ್ರ ಆಕ್ಸಿಡೀಕರಣಗೊಳ್ಳಲು ಬಿಟ್ಟು ಶಾಖದಿಂದ ನಿಲ್ಲಿಸಲಾಗುತ್ತದೆ. ಅದರಿಂದ ಹಸಿರು ಚಹಾ ಮತ್ತು ಕಪ್ಪು ಚಹಾಗಳ ನಡುವಿನ ರುಚಿ ಬರುತ್ತದೆ. ಯುನ್ನಾನ್ ಪ್ರಾಂತ್ಯದ ಪು-ಎರ್ ಚಹಾದ ಒಂದು ಬಗೆಯಲ್ಲಿ ಎಲೆಯ ರಾಶಿಯನ್ನು ತೇವಗೊಳಿಸಿ ಹುದುಗಿಸುತ್ತಾರೆ. ಇಂಡೋನೇಷ್ಯಾದಲ್ಲಿ ಹಸಿ ಕಾಫಿಯನ್ನು ವರ್ಷಗಟ್ಟಲೆ ದಾಸ್ತಾನಿಟ್ಟು ಹಳತಾಗಿಸುವ ಪದ್ಧತಿಯಿದೆ. ಹಳತಾಗಿಸಿದ ಕಾಫಿಯಲ್ಲಿ ಬದಲಾವಣೆಯು ಕಾಲದಿಂದ ನಿಧಾನವಾಗಿ ಆಗುತ್ತದೆ. ಮಾನ್ಸೂನ್ಡ್ ಮಲಬಾರ್‌ನಲ್ಲಿ ಒಂದೇ ಮಳೆಗಾಲದ ತೇವ ಮತ್ತು ಗಾಳಿಯಿಂದ ಆಗುತ್ತದೆ.